ಸಾಕ್ಷಿಕಟ್ಟೆ ಹತ್ತುವ ಮುನ್ನ
(ಪಾಲಹಳ್ಳಿಯಲ್ಲಿ ನೀಡಿದ ಭಾಷಣದ ಪಠ್ಯ)



ಪಾಲಹಳ್ಳಿಯಿಂದ ಶ್ರೀರಂಗಪಟ್ಟಣದ ನ್ಯಾಯಾಲಯಕ್ಕೆ ಹೆಚ್ಚು ದೂರವಿಲ್ಲ. ಆದರೂ ಸಮನ್ಸ್ ಕೈಗೆ ಬಂದೊಡನೆ 'ನಮಗೇಕೆ ಕೋರ್ಟು ಕಚೇರಿಯ ಸಹವಾಸ' ಎಂದು ಮನೆಮಂದಿಯೇ ತಡೆಯುತ್ತಾರೆ. ಸಾಕ್ಷಿಗಳು ಹಿಂದೆ ಸರಿದರೆ ಏನಾಗುತ್ತದೆಂಬುದನ್ನು ನಮ್ಮ ರಾಜ್ಯ ಕಂಡಿದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಡಲಾಯಿತು. ಸಾಕ್ಷಿಗಳು ಪ್ರತಿಕೂಲರಾದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. ವಡೋದರದ ಬೆಸ್ಟ್ ಬೇಕರಿ ಪ್ರಕರಣವೂ 2003ರಲ್ಲಿ ಹಾಗೆಯೇ ಮುಗಿದಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶಿಸಿತು. ಆದರೆ ಪದೇ ಪದೇ ಹೇಳಿಕೆ ಬದಲಿಸಿದ ಝಾಹಿರಾ ಶೇಖ್ 2006ರಲ್ಲಿ ಒಂದು ವರ್ಷದ ಸಜೆಗೆ ಗುರಿಯಾದರು. ಆಮಿಷವಿರಲಿ, ಬೆದರಿಕೆಯಿರಲಿ, ಕೊನೆಗೆ ಬೆಲೆ ತೆರುವವನು ಸಾಕ್ಷಿಯೇ.

2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಯಲ್ಲಿವೆ. ಸಾಕ್ಷಿಗೆ ಸಂಬಂಧಿಸಿದ ಮುಖ್ಯ ನಿಯಮಗಳು ಬಹುಮಟ್ಟಿಗೆ ಹಿಂದಿನವೇ. ಹೆಂಗಸರನ್ನೂ 60 ದಾಟಿದ ಗಂಡಸರನ್ನೂ ಹೇಳಿಕೆಗಾಗಿ ಠಾಣೆಗೆ ಬರುವಂತೆ ಪೊಲೀಸರು ಒತ್ತಾಯಿಸುವಂತಿಲ್ಲ; ಅವರ ಮನೆಯಲ್ಲೇ ವಿಚಾರಿಸಬೇಕು. ತನಿಖಾಧಿಕಾರಿ ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿ ಸಹಿ ಹಾಕಬೇಕಾಗಿಲ್ಲ. ಮಹಜರಿನ ಪಂಚರ ಸಹಿಯ ವಿಚಾರ ಬೇರೆ. ಅಲ್ಲಿ ಸಹಿ ಬೇಕು. ಆದರೆ ಕಣ್ಣಾರೆ ಕಂಡದ್ದಕ್ಕೆ ಮಾತ್ರ. 'ಸುಮ್ಮನೆ ಒಂದು ಸಹಿ' ಎಂದು ಖಾಲಿ ಕಾಗದ ಮುಂದೆ ಚಾಚಿದರೆ ದಯವಿಟ್ಟು ಕೈ ಹಿಂದೆಗೆಯಿರಿ. ವರ್ಷಗಳ ಬಳಿಕ ಕಟ್ಟೆಯಲ್ಲಿ ನಿಂತು ಉತ್ತರಿಸಬೇಕಾದವರು ನೀವೇ.

ಪಾಟೀಸವಾಲಿಗೆ ಜನ ಬಹಳ ಅಂಜುತ್ತಾರೆ. ಎದುರು ವಕೀಲರ ಕೆಲಸವೇ ನಿಮ್ಮ ಮಾತನ್ನು ಒರೆಗೆ ಹಚ್ಚುವುದು. ಅದನ್ನು ಅವಮಾನವೆಂದು ಬಗೆಯಬೇಡಿ. ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳಿ, ಅರ್ಥವಾಗದಿದ್ದರೆ ಮತ್ತೆ ಕೇಳಿರೆಂದು ವಿನಂತಿಸಿ. ನೆನಪಿಲ್ಲದ್ದನ್ನು ನೆನಪಿಲ್ಲವೆನ್ನಿ. ಊರವರು ಹೇಳಿದ್ದನ್ನು ತಾವೇ ಕಂಡಂತೆ ಹೇಳುವವರು ನಿಜವಾದ ಸಾಕ್ಷ್ಯವನ್ನೂ ಕೆಡಿಸುತ್ತಾರೆ. ಕನ್ನಡದಲ್ಲೇ ಹೇಳಿ. ದಾಖಲಾದ ಸಾಕ್ಷ್ಯವನ್ನು ಓದಿ ಹೇಳುವಾಗ ಗಮನವಿಟ್ಟು ಕೇಳಿ. ತಪ್ಪಿದ್ದರೆ ಆಗಲೇ ತಿಳಿಸಿ. ಸುಳ್ಳು ಸಾಕ್ಷ್ಯಕ್ಕೆ ಏಳು ವರ್ಷಗಳವರೆಗೆ ಸಜೆಯಿದೆ.

ಬೆದರಿಕೆಯಿದ್ದರೆ? 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಇಡೀ ದೇಶಕ್ಕೆ ಅನ್ವಯಿಸಿತು. ಅದರಂತೆ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬಹುದು. ಪೊಲೀಸರ ವರದಿ ತರಿಸಿಕೊಂಡು ಸಮಿತಿ ತೀರ್ಮಾನಿಸುತ್ತದೆ: ಮನೆಯ ಬಳಿ ಗಸ್ತು, ನ್ಯಾಯಾಲಯಕ್ಕೆ ಬೆಂಗಾವಲು, ಆರೋಪಿಯ ಮುಖ ಕಾಣದಂತೆ ಸಾಕ್ಷ್ಯ ನುಡಿಯುವ ಏರ್ಪಾಡು. ಅರ್ಜಿಯಲ್ಲಿ ಬೆದರಿಸಿದವರು ಯಾರು, ಯಾವಾಗ, ಎಲ್ಲಿ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ; ದೂರವಾಣಿ ಕರೆಯಾಗಿದ್ದರೆ ಆ ಸಂಖ್ಯೆಯನ್ನು ಅಳಿಸಬೇಡಿ.