ಪರದೆ ಹೆದರಿಸಿದರೆ ಮೊದಲು ಪರಿಶೀಲಿಸಿ
(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು ಮತ್ತು ಅನುಚರರ ಮೇಲೂ ಅಲ್ಲಾಹನ ಕೃಪೆಯಿರಲಿ.



ಸೂರಃ ಅಲ್ ಹುಜುರಾತ್‌ನ 6ನೇ ಸೂಕ್ತ ನಮಗೆ ಒಂದು ಶಿಸ್ತನ್ನು ಕಲಿಸುತ್ತದೆ. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಅದನ್ನು ಪರಿಶೀಲಿಸಬೇಕು. ಇಲ್ಲದಿದ್ದರೆ ಅರಿಯದೆ ಹಾನಿ ಮಾಡಿ ಆಮೇಲೆ ಮರುಗಬೇಕಾಗುತ್ತದೆ. ಅಂದು ಸುದ್ದಿ ತಂದವನ ಮುಖವಾದರೂ ಕಾಣುತ್ತಿತ್ತು. ಇಂದು ಸುದ್ದಿ ಪರದೆಯ ಮೇಲೆ ಬರುತ್ತದೆ, ತಂದವನು ಯಾರೆಂದೇ ತಿಳಿಯುವುದಿಲ್ಲ. ಹಾಗಿರುವಾಗ ಪರಿಶೀಲನೆ ಇನ್ನೂ ಹೆಚ್ಚು ಬೇಕಲ್ಲವೇ?

ಮಕ್ಕಳು ಕಾಲೇಜಿನ ಅರ್ಜಿ ತುಂಬಲು ಕಂಪ್ಯೂಟರ್ ತೆರೆದಿರುತ್ತಾರೆ, ಅಥವಾ ಮನೆಯ ಹಿರಿಯರು ಪಿಂಚಣಿಯ ವಿವರ ಹುಡುಕುತ್ತಿರುತ್ತಾರೆ. ಇದ್ದಕ್ಕಿದ್ದಂತೆ ಪರದೆ ತುಂಬಾ ಕೆಂಪು ಎಚ್ಚರಿಕೆ ಮೂಡುತ್ತದೆ, ಕಿವಿಗಡಚಿಕ್ಕುವ ಬೀಪ್ ಸದ್ದು ಬರುತ್ತದೆ. ಮೇಲೆ ಮೈಕ್ರೋಸಾಫ್ಟ್ ಕಂಪನಿಯ ಚಿಹ್ನೆ ಇರುತ್ತದೆ. ವೈರಸ್ ಹೊಕ್ಕಿದೆ, ಬ್ಯಾಂಕಿನ ವಿವರ ಕಳವಾಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಕರೆ ಮಾಡಿ ಎಂದು ಅದರಲ್ಲಿ ಬರೆದಿರುತ್ತದೆ.

ಸಹೋದರರೇ, ಅದು ಬರೀ ಒಂದು ವೆಬ್ ಪುಟ. ಹೆಚ್ಚಾಗಿ ಉಚಿತ ಸಿನಿಮಾ ತಾಣಗಳ ಜಾಹೀರಾತಿನಿಂದ ಅಥವಾ ತಪ್ಪಾಗಿ ಟೈಪ್ ಮಾಡಿದ ವಿಳಾಸದಿಂದ ಅದು ತೆರೆದುಕೊಳ್ಳುತ್ತದೆ. ನಿಮ್ಮ ಕಂಪ್ಯೂಟರಿನೊಳಗೆ ಏನಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ನಷ್ಟ ಶುರುವಾಗುವುದು ನಾವು ಕರೆ ಮಾಡಿದ ಮೇಲೆ. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿ, ಎನಿಡೆಸ್ಕ್ ಅಥವಾ ಟೀಮ್‌ವೀವರ್‌ನಂಥ ಆ್ಯಪ್ ಹಾಕಿಸುತ್ತಾನೆ. ದೂರದಿಂದ ಕಂಪ್ಯೂಟರ್ ರಿಪೇರಿ ಮಾಡಲೆಂದು ಇರುವ ಈ ಆ್ಯಪ್‌ಗಳೇ ಮೋಸಗಾರನಿಗೆ ನಮ್ಮ ಮನೆಯ ಬೀಗದ ಕೈ ಆಗುತ್ತವೆ. ಎಲ್ಲ ಕಂಪ್ಯೂಟರಿನಲ್ಲೂ ಇರುವ ಸಣ್ಣಪುಟ್ಟ ದೋಷಗಳ ಪಟ್ಟಿ ತೆರೆದು, ಇವೆಲ್ಲ ವೈರಸ್ ಎಂದು ನಂಬಿಸುತ್ತಾನೆ. ಆಮೇಲೆ ಶುಲ್ಕ ಕೇಳುತ್ತಾನೆ, ಅಥವಾ ಬ್ಯಾಂಕ್ ಖಾತೆ ತೆರೆಯಿರಿ ಎನ್ನುತ್ತಾನೆ.

ಚಿನ್ನವನ್ನು ಒರೆಗೆ ಹಚ್ಚದೆ ನಂಬದ ಊರಿನವರು ನಾವು. ಇಲ್ಲಿಯ ಒರೆಗಲ್ಲು ಸುಲಭ: ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಇದ್ದರೆ ಅದು ಸುಳ್ಳು.

ಆಗ ಮಾಡಬೇಕಾದದ್ದು ಇಷ್ಟೇ. ಆ ನಂಬರಿಗೆ ಕರೆ ಮಾಡಬೇಡಿ, ಪುಟದಲ್ಲಿ ಎಲ್ಲಿಯೂ ಒತ್ತಬೇಡಿ. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು, ಪರದೆ ಕಿರಿದಾದರೆ ಪುಟ ಮುಚ್ಚಿ. ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಕಂಪ್ಯೂಟರನ್ನೇ ಆರಿಸಿ. ಮತ್ತೆ ತೆರೆದಾಗ ಹಳೆಯ ಪುಟಗಳು ಬೇಕೇ ಎಂದು ಕೇಳಿದರೆ ಬೇಡ ಎನ್ನಿ. ಮೊಬೈಲ್ ಆದರೆ ಬ್ರೌಸರ್ ಮುಚ್ಚಿ, ಅದರ ಹಿಸ್ಟರಿ ಅಳಿಸಿ. ಬ್ಯಾಂಕಿನ ಸಹಾಯವಾಣಿ ಬೇಕಾದರೆ ಕಾರ್ಡಿನ ಹಿಂಬದಿಯಲ್ಲಿ ನೋಡಿ. ಗೂಗಲ್‌ನಲ್ಲಿ ಮೊದಲು ಕಂಡ ನಂಬರನ್ನು ನಂಬಬೇಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ ಎಂಬುದನ್ನು ಮನೆಯ ಹೆಂಗಸರಿಗೂ ಹಿರಿಯರಿಗೂ ಹೇಳಿಕೊಡಿ.

ಈಗಾಗಲೇ ಸಿಕ್ಕಿಬಿದ್ದಿದ್ದರೆ ಮೊದಲು ಇಂಟರ್ನೆಟ್ ಕಡಿತಗೊಳಿಸಿ. ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಿಸಿ, ಆ ಆ್ಯಪ್ ತೆಗೆಸಿ. ಗುಟ್ಟಿನ ನಂಬರನ್ನು ಗ್ರಾಹಕನೇ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿದೆ. ಆದ್ದರಿಂದ ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ಆದರೆ ಆ ನಿಮಿಷಗಳನ್ನು ನುಂಗುವುದು ನಾಚಿಕೆ. ಮಕ್ಕಳು ಬೈಯುತ್ತಾರೆಂದು ಅಬ್ಬಾ ಮುಚ್ಚಿಡುತ್ತಾರೆ, ಗಂಡನಿಗೆ ಹೆದರಿ ಹೆಂಡತಿ ಮುಚ್ಚಿಡುತ್ತಾಳೆ. ಮೋಸ ಹೋದವರು ಮಜ್ಲೂಮ್‌ಗಳು. ಅವರಿಗೆ ನೆರವಾಗುವುದು ನಮ್ಮ ಕರ್ತವ್ಯ. ಬೈಗುಳ ಆಮೇಲಿರಲಿ, ಮೊದಲು ಫೋನ್ ಕೈಗೆತ್ತಿಕೊಳ್ಳಿ.

ಇನ್ನು ಯುವಕರಿಗೆ ಒಂದು ಮಾತು. ಆ ನಂಬರಿಗೆ ಕರೆ ಮಾಡಿದಾಗ ಉತ್ತರಿಸುವವರೂ ಯಾರದೋ ಮನೆಯ ಮಕ್ಕಳೇ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಅನ್ನ ಬೆಂಗಳೂರಿನ ರೈಲಿನಲ್ಲಿದೆ. ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆ, ಮಾಲೂರು ದಾಟಿದ ರೈಲು ವೈಟ್‌ಫೀಲ್ಡ್‌ನಲ್ಲಿ ನಿಲ್ಲುತ್ತದೆ. ಅದೇ ವೈಟ್‌ಫೀಲ್ಡ್‌ನಲ್ಲಿ 2025ರ ನವೆಂಬರ್‌ನಲ್ಲಿ ಪೊಲೀಸರು ಒಂದು ಕಾಲ್ ಸೆಂಟರ್ ಮೇಲೆ ದಾಳಿ ಮಾಡಿ 21 ಮಂದಿಯನ್ನು ಬಂಧಿಸಿದರು. ಮೈಕ್ರೋಸಾಫ್ಟ್ ತಂತ್ರಜ್ಞರೆಂದು ಹೇಳಿಕೊಂಡು ಅಮೆರಿಕದ ಜನರನ್ನು ವಂಚಿಸುತ್ತಿದ್ದರು ಎಂಬುದು ಅವರ ಮೇಲಿನ ಆರೋಪ. ಅದಕ್ಕೂ ಮೊದಲು, 2023ರ ಅಕ್ಟೋಬರ್‌ನಲ್ಲಿ, ಸಿಬಿಐ 'ಆಪರೇಷನ್ ಚಕ್ರ-2' ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತ್ತು.

ಪ್ರವಾದಿ(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವವಿತ್ತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತೆಂದೂ, ಮೋಸ ಮಾಡುವವನು ತಮ್ಮವನಲ್ಲವೆಂದೂ ಅವರು ತಿಳಿಸಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಮಳೆಗೆ ನೆನೆದ ಧಾನ್ಯವನ್ನು ಅಡಗಿಸಿಟ್ಟದ್ದಕ್ಕೇ ಈ ಮಾತಾದರೆ, ಇಲ್ಲದ ವೈರಸ್ ತೋರಿಸಿ ಒಬ್ಬ ಮುದುಕನ ಉಳಿತಾಯ ಕಸಿಯುವುದಕ್ಕೆ ಏನನ್ನಬೇಕು? ಆ ಮುದುಕ ಅಮೆರಿಕದವನಾದರೂ, ಬೇರೆ ಧರ್ಮದವನಾದರೂ ಹರಾಮ್ ಹರಾಮೇ.

ಕೆಲಸಕ್ಕೆ ಸೇರುವಾಗಲೂ ಪರಿಶೀಲಿಸಿ. ಸುಳ್ಳು ಹೆಸರಿನಲ್ಲಿ ಮಾತಾಡಿ ಎಂದರೆ, ಬೇರೆ ಕಂಪನಿಯವರೆಂದು ಹೇಳಿಕೊಳ್ಳಿ ಎಂದರೆ, ನೇಮಕಾತಿ ಪತ್ರ ಕೊಡದಿದ್ದರೆ, ಸಂಬಳ ಎಷ್ಟೇ ಇರಲಿ, ಎದ್ದು ಬನ್ನಿ. ತಂದೆ ತಾಯಂದಿರೇ, ಮಗ ತಂದ ಸಂಬಳವನ್ನು ಎಣಿಸುವ ಮೊದಲು ಅವನು ಮಾಡುವ ಕೆಲಸ ಏನೆಂದು ಕೇಳಿ.

ಅಲ್ಲಾಹನು ನಮ್ಮ ಸಂಪತ್ತನ್ನು ಮೋಸಗಾರರಿಂದ ಕಾಪಾಡಲಿ, ನಮ್ಮ ಮಕ್ಕಳನ್ನು ಮೋಸದ ಕೆಲಸದಿಂದ ಕಾಪಾಡಲಿ, ಹಲಾಲ್ ಸಂಪಾದನೆಯಲ್ಲಿ ಬರಕತ್ ನೀಡಲಿ. ಆಮೀನ್.