ನೀರಿನ ಸಾಲ, ಚರಂಡಿಯ ಋಣ

(ನಗರಗಳ ಕುಡಿಯುವ ನೀರು ಮತ್ತು ಒಳಚರಂಡಿಗೆ ಸಾರ್ವಜನಿಕ ಸಾಲ - ಈ ವಿಷಯ ಕುರಿತ ಉಪನ್ಯಾಸದ ಪಠ್ಯ)



ಕನ್ನಡದಲ್ಲಿ ಸಾಲಕ್ಕೆ ಒಳ್ಳೆಯ ಹೆಸರಿಲ್ಲ. ಸಾಲವೆಂದರೆ ಶೂಲ ಎಂದರು ಹಿರಿಯರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು. ಒಂದು ಮನೆಯ ಸಂಸಾರಕ್ಕೆ ಈ ಮಾತು ಸರಿಯೇ. ಆದರೆ ಒಂದು ಊರಿನ ಸಂಸಾರಕ್ಕೆ ಇದನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಊರಿಗೆ ನೀರು ತರುವ ಕೊಳವೆ ಐವತ್ತು ವರ್ಷ ಬಾಳುತ್ತದೆ. ಚೆನ್ನಾಗಿ ಕಟ್ಟಿದ ಒಳಚರಂಡಿ ನೂರು ವರ್ಷವನ್ನೂ ದಾಟುತ್ತದೆ. ಅದರ ಪೂರ್ತಿ ಬೆಲೆಯನ್ನು ಅದನ್ನು ಹೂಳಿದ ವರ್ಷವೇ, ಆ ವರ್ಷ ಊರಿನಲ್ಲಿದ್ದವರೇ ತೆರಬೇಕೆಂದರೆ ಯಾವ ಪುರಸಭೆಗೂ ಸಾಧ್ಯವಿಲ್ಲ. ಹಣ ಕೂಡುವವರೆಗೆ ಕಾಯೋಣವೆಂದರೆ ಅಷ್ಟರಲ್ಲಿ ಒಂದು ತಲೆಮಾರು ಕೊಳಕು ನೀರು ಕುಡಿದೇ ಕಾಲ ಕಳೆದಿರುತ್ತದೆ.

ಆದ್ದರಿಂದಲೇ ನೂರೈವತ್ತು ವರ್ಷಗಳಿಗೂ ಮಿಕ್ಕು ಜಗತ್ತಿನ ದೊಡ್ಡ ನಗರಗಳು ನೀರಿಗೂ ಚರಂಡಿಗೂ ಸಾಲವನ್ನು ನೆಚ್ಚಿಕೊಂಡಿವೆ. ಮುಂದೆ ಆ ಕೊಳವೆಯ ನೀರು ಕುಡಿಯುವ ಮಕ್ಕಳು ಮೊಮ್ಮಕ್ಕಳೂ ಅದರ ಬೆಲೆಯಲ್ಲಿ ಒಂದು ಪಾಲು ಕೊಡಲಿ ಎಂಬುದು ಇದರ ಹಿಂದಿರುವ ನ್ಯಾಯ. ಈ ನ್ಯಾಯವನ್ನು ಒಪ್ಪಿದ ಮೇಲೆ ಮೂರು ಪ್ರಶ್ನೆಗಳು ಉಳಿಯುತ್ತವೆ. ಸಾಲ ಯಾವುದಕ್ಕೆ? ತೀರಿಸುವವರು ಯಾರು? ಸಾಲ ಮಾಡದೆ ಬಿಟ್ಟ ಕೆಲಸದ ಬೆಲೆ ಯಾರ ತಲೆಯ ಮೇಲೆ ಬೀಳುತ್ತದೆ? ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಆದರೆ ನಗರಗಳ ಚರಿತ್ರೆಯಲ್ಲಿ ಹೆಚ್ಚು ನೋವು ಅಡಗಿರುವುದು ಅಲ್ಲಿಯೇ.

ಕೆರೆಗೆ ಬಿಟ್ಟ ಭೂಮಿ

ನೀರಿನ ಕೆಲಸಕ್ಕೆ ಹಣ ಹೊಂದಿಸುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಕೆರೆ ಕಟ್ಟಿಸಿದವರನ್ನು ಕೊಂಡಾಡುವ ಶಾಸನಗಳು ನಾಡಿನ ತುಂಬ ಇವೆ. ಅವುಗಳಲ್ಲಿ ಹೊಗಳಿಕೆಯ ಜತೆಗೆ ಬಿತ್ತುವಟ್ಟ, ಕೆರೆಗೊಡಗೆ, ದಶವಂದ ಎಂಬ ಮಾತುಗಳೂ ಬರುತ್ತವೆ. ಕೆರೆಯನ್ನು ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ಭೂಮಿ ಬಿಡುವುದು, ಕೆರೆಯ ಪಾಲನೆಗೆಂದೇ ಭೂಮಿಯನ್ನೋ ಉತ್ಪತ್ತಿಯ ಪಾಲನ್ನೋ ಮೀಸಲಿಡುವುದು ಆಗಿನ ರೂಢಿ. ಹೂಳೆತ್ತಲು, ಏರಿ ಬಿರಿದರೆ ಮುಚ್ಚಲು ಆ ಆದಾಯ. ಕಟ್ಟುವ ಹಣ ಬೇರೆ, ಕಾಪಾಡುವ ಹಣ ಬೇರೆ ಎಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ. ದಾನಿ ಕೆರೆ ಕಟ್ಟಿಸಿ ಪುಣ್ಯ ಕಟ್ಟಿಕೊಳ್ಳುತ್ತಾನೆ. ಕೆರೆ ಉಳಿಯುವುದು ವರ್ಷ ವರ್ಷ ಬರುವ ಆದಾಯದಿಂದ.

ಆದರೆ ಲಕ್ಷಾಂತರ ಜನ ಒತ್ತೊತ್ತಾಗಿ ಬದುಕುವ ಆಧುನಿಕ ನಗರಕ್ಕೆ ದಾನವೂ ಸಾಲದು, ಬಿತ್ತುವಟ್ಟವೂ ಸಾಲದು. ಅಲ್ಲಿಗೆ ಬೇರೊಂದು ಏರ್ಪಾಡು ಬೇಕಾಯಿತು. ಅದರ ಹೆಸರಾಂತ ಮೊದಲ ಉದಾಹರಣೆಗಳಲ್ಲಿ ಒಂದು ಲಂಡನ್.

ಮೂಗಿಗೆ ಬಂದ ಮೇಲೆ ಬಂದ ಕಾನೂನು

ಹತ್ತೊಂಬತ್ತನೆಯ ಶತಮಾನದ ನಡುವೆ ಲಂಡನ್ನಿನ ಹೊಲಸೆಲ್ಲ ನೇರವಾಗಿ ಥೇಮ್ಸ್ ನದಿಗೆ ಸೇರುತ್ತಿತ್ತು. ಕುಡಿಯುವ ನೀರನ್ನೂ ಬಹುಮಟ್ಟಿಗೆ ಅದೇ ನದಿಯಿಂದ ಎತ್ತುತ್ತಿದ್ದರು. ಕಾಲರಾ ಮತ್ತೆ ಮತ್ತೆ ಬಂದು ಸಾವಿರಾರು ಜನರನ್ನು ಒಯ್ದಿತು. 1855ರ ಕಾಯಿದೆಯಂತೆ ನಗರಕ್ಕೆಲ್ಲ ಒಂದು ಮಂಡಳಿ ರಚನೆಯಾಯಿತು. ಜೋಸೆಫ್ ಬ್ಯಾಜಲ್ಜೆಟ್ ಅದರ ಮುಖ್ಯ ಎಂಜಿನಿಯರ್. ನದಿಗೆ ಹರಿಯುವ ಹೊಲಸನ್ನು ದಡದಲ್ಲಿಯೇ ತಡೆದು, ನಗರದ ಕೆಳಭಾಗಕ್ಕೆ ಒಯ್ಯುವ ದೊಡ್ಡ ಸುರಂಗ ಚರಂಡಿಗಳ ನಕ್ಷೆ ಅವರಲ್ಲಿ ಸಿದ್ಧವಿತ್ತು. ಆದರೆ ಹಣವೂ ಇರಲಿಲ್ಲ, ಸರ್ಕಾರದ ಒಪ್ಪಿಗೆಯೂ ಇರಲಿಲ್ಲ.

1858ರ ಬೇಸಿಗೆ ಬಂತು. ಬಿಸಿಲಿಗೆ ನದಿ ನಾರಿತು. ದಡದಲ್ಲಿಯೇ ಇದ್ದ ಪಾರ್ಲಿಮೆಂಟಿನ ಕಿಟಕಿ ಪರದೆಗಳನ್ನು ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ಅದ್ದಿ ತೂಗುಹಾಕಿದರೂ ಸದಸ್ಯರು ಕೂರಲಾರದೆ ಹೋದರು. ಬಡವರ ಕೇರಿಗಳಲ್ಲಿ ಕಾಲರಾ ಸತ್ತಾಗ ಆಗದಿದ್ದ ಕೆಲಸ ಆಗ ಕೆಲವೇ ವಾರಗಳಲ್ಲಿ ಆಯಿತು. ಹಣಕಾಸು ಸಚಿವ ಡಿಸ್ರೇಲಿ ಮಸೂದೆ ತಂದರು. ಆಗಸ್ಟ್ ಮೊದಲ ವಾರದಲ್ಲಿ ಅದು ಕಾನೂನಾಯಿತು. ಮಂಡಳಿ 30 ಲಕ್ಷ ಪೌಂಡ್ ಸಾಲ ಎತ್ತಬಹುದು. ಸರ್ಕಾರದ ಖಜಾನೆ ಅದಕ್ಕೆ ಜಾಮೀನು. ಕಟ್ಟಡಗಳ ವಾರ್ಷಿಕ ಮೌಲ್ಯದ ಮೇಲೆ ಪೌಂಡಿಗೆ ಮೂರು ಪೆನ್ನಿಯಂತೆ ತೆರಿಗೆ ಹಾಕಿ 40 ವರ್ಷಗಳಲ್ಲಿ ತೀರಿಸಬೇಕು ಎಂಬುದು ಏರ್ಪಾಡು.

ಇಲ್ಲಿ ಜಾಮೀನಿನ ಮಹತ್ವವನ್ನು ಗಮನಿಸಬೇಕು. ಸಾಲ ಕೊಡುವವನಿಗೆ ಹಣ ಮರಳುವ ಭರವಸೆ ಇದ್ದರೆ ಬಡ್ಡಿ ಇಳಿಯುತ್ತದೆ. ದೊಡ್ಡ ಸರ್ಕಾರ ತನ್ನ ಹೆಸರನ್ನು ಸಣ್ಣ ಸಂಸ್ಥೆಯ ಬೆನ್ನಿಗೆ ಇಡುವುದರಿಂದಲೇ ಸಣ್ಣ ಸಂಸ್ಥೆಗೆ ದೊಡ್ಡ ಕೆಲಸ ದಕ್ಕುತ್ತದೆ. ಸಾರ್ವಜನಿಕ ಸಾಲದ ತಿರುಳು ಇದು. ಆಗ ಕಟ್ಟಿದ ಇಟ್ಟಿಗೆಯ ಚರಂಡಿಗಳು ಇಂದಿಗೂ ಬಹುಪಾಲು ಕೆಲಸ ಮಾಡುತ್ತಿವೆ. ಸಾಲಕ್ಕೆ ಇಟ್ಟ ಅವಧಿ 40 ವರ್ಷ. ಚರಂಡಿ ಒಂದೂವರೆ ಶತಮಾನ ದಾಟಿ ಬಾಳಿದೆ.

ಈ ಕಥೆಗೆ ಇನ್ನೊಂದು ತುದಿಯಿದೆ. 1866ರಲ್ಲಿ ಕಾಲರಾ ಮತ್ತೊಮ್ಮೆ ಬಂತು. ಹೊಸ ಚರಂಡಿ ಆಗಿದ್ದ ಭಾಗಗಳು ಬಹುಮಟ್ಟಿಗೆ ಪಾರಾದವು. ಚರಂಡಿಯ ಜೋಡಣೆ ಇನ್ನೂ ಮುಗಿಯದಿದ್ದ, ಕೊಳವೆಯಲ್ಲಿ ಕೆಟ್ಟ ನೀರು ಬಂದಿದ್ದ ಪೂರ್ವ ಲಂಡನ್ನಿನ ಕೂಲಿಕಾರರ ಕೇರಿಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಕಾಮಗಾರಿಯಲ್ಲಿ ಕೊನೆಯ ಸರದಿ ಬಡವರದ್ದಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಸುತ್ತುವ ಹಣ

ಅಮೆರಿಕದಲ್ಲಿ ಈ ಏರ್ಪಾಡು ಇನ್ನೊಂದು ರೂಪ ಪಡೆಯಿತು. 1969ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಕಯಾಹೋಗಾ ನದಿಯ ಮೇಲೆ ತೇಲುತ್ತಿದ್ದ ಎಣ್ಣೆ, ಕಸಕ್ಕೆ ಬೆಂಕಿ ಹತ್ತಿತು. ನೀರೇ ಹೊತ್ತಿ ಉರಿದ ಸುದ್ದಿ ದೇಶವನ್ನು ನಾಚಿಸಿತು. 1972ರ ಶುದ್ಧ ಜಲ ಕಾಯಿದೆಯಡಿ ಕೊಳಚೆ ನೀರು ಶುದ್ಧೀಕರಣ ಘಟಕಗಳ ವೆಚ್ಚದಲ್ಲಿ ಶೇಕಡ 75ರವರೆಗೆ ಕೇಂದ್ರ ಸರ್ಕಾರವೇ ಅನುದಾನ ಕೊಡತೊಡಗಿತು. ಅನುದಾನದ ತೊಂದರೆ ಏನೆಂದರೆ, ಕೊಟ್ಟ ಹಣ ಒಂದು ಊರಿಗೆ ಹೋದರೆ ಮುಗಿಯಿತು. ಮುಂದಿನ ಊರಿಗೆ ಮತ್ತೆ ಖಜಾನೆಯ ಬಾಗಿಲು ತಟ್ಟಬೇಕು.

1987ರಲ್ಲಿ ಈ ಪದ್ಧತಿ ಬದಲಾಯಿತು. ಕೇಂದ್ರ ಕೊಡುವ ಹಣಕ್ಕೆ ರಾಜ್ಯ ತನ್ನ ಪಾಲನ್ನು, ಅಂದರೆ ಐದು ಡಾಲರಿಗೆ ಒಂದು ಡಾಲರಿನಂತೆ, ಸೇರಿಸಿ ಒಂದು ನಿಧಿ ಮಾಡಬೇಕು. ಆ ನಿಧಿ ಊರುಗಳಿಗೆ ಕಡಿಮೆ ಬಡ್ಡಿಗೆ, ಸಾಮಾನ್ಯವಾಗಿ 20 ವರ್ಷಗಳ ಅವಧಿಗೆ ಸಾಲ ಕೊಡುತ್ತದೆ. ಒಂದು ಊರು ತೀರಿಸಿದ ಕಂತು ಮತ್ತೊಂದು ಊರಿಗೆ ಸಾಲವಾಗುತ್ತದೆ. 1996ರಲ್ಲಿ ಕುಡಿಯುವ ನೀರಿಗೂ ಇಂಥದೇ ನಿಧಿ ಏರ್ಪಟ್ಟಿತು. ಕರ್ನಾಟಕದ ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳ ಮಹಿಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರ ಸುತ್ತುನಿಧಿಯೂ ಇದೇ ತತ್ವದ್ದು. ಒಬ್ಬಾಕೆ ಕಟ್ಟಿದ ಕಂತಿನಿಂದ ಇನ್ನೊಬ್ಬಾಕೆ ಹಸು ಕೊಳ್ಳುತ್ತಾಳೆ. ಮೊದಲನೆಯಾಕೆ ಕಟ್ಟದಿದ್ದರೆ ಎರಡನೆಯಾಕೆಗೆ ಹಸುವಿಲ್ಲ.

ಈ ಏರ್ಪಾಡಿಗೂ ಮಿತಿಯಿದೆ. ದೊಡ್ಡ ನಗರದಲ್ಲಿ ಘಟಕದ ಸಾಲವನ್ನು ಲಕ್ಷ ಮನೆಗಳು ಹಂಚಿಕೊಳ್ಳುತ್ತವೆ. ಕೆಲವು ನೂರು ಮನೆಗಳ ಊರಿನಲ್ಲಿ ಅಂಥದೇ ಭಾರ ಕೆಲವೇ ನೂರು ಬಿಲ್ಲುಗಳ ಮೇಲೆ ಬೀಳುತ್ತದೆ. ಬಡ್ಡಿ ಎಷ್ಟೇ ಕಡಿಮೆಯಿದ್ದರೂ ಬಡ ಊರಿಗೆ ಅಸಲನ್ನೇ ತೀರಿಸಲಾಗದು. ಇದನ್ನು ಮನಗಂಡು 2021ರ ಕಾನೂನಿನಲ್ಲಿ ಈ ನಿಧಿಗಳಿಗೆ ಸೇರಿಸಿದ ಹೊಸ ಹಣದಲ್ಲಿ ಬಹುಪಾಲಿನ ಸುಮಾರು ಅರ್ಧವನ್ನು ಹಿಂದುಳಿದ ಊರುಗಳಿಗೆ ಅನುದಾನವಾಗಿ ಅಥವಾ ಅಸಲು ಮನ್ನಾ ರೂಪದಲ್ಲಿ ಕೊಡಬೇಕೆಂದು ವಿಧಿಸಲಾಯಿತು.

ಬೆಂಗಳೂರಿನ ಲೆಕ್ಕ

ಈಗ ಬೆಂಗಳೂರಿನ ಕಡೆ ನೋಡೋಣ. ಕೆರೆ, ಬಾವಿ, ಕಲ್ಯಾಣಿಗಳನ್ನೇ ನಂಬಿದ್ದ ಈ ಊರಿಗೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಹೆಸರಘಟ್ಟದ ಕೊಳವೆ ನೀರು ಬಂತು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ. 1964ರ ಕಾಯಿದೆಯಿಂದ ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿಯ ಮೊದಲ ಹಂತದಲ್ಲಿ ದಿನಕ್ಕೆ 13.5 ಕೋಟಿ ಲೀಟರ್ ನೀರು ಬಂತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಕಡೆ ಪಂಪು ಮಾಡಿ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ತರುವ ನೀರು ಅದು.

ನಾಲ್ಕನೇ ಹಂತಕ್ಕೆ ಜಪಾನಿನ ಸಾಲ ಬಂತು. ಐದನೇ ಹಂತಕ್ಕೆ 2018ರ ಜನವರಿಯಲ್ಲಿ ಅದೇ ದೇಶದ ಸಹಕಾರ ಸಂಸ್ಥೆಯೊಡನೆ 4,500 ಕೋಟಿ ಯೆನ್ ಸಾಲದ ಒಪ್ಪಂದವಾಯಿತು. ದಿನಕ್ಕೆ 77.5 ಕೋಟಿ ಲೀಟರಿನ ಆ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳು ಅಲ್ಲಿಯವರೆಗೆ ಹೆಚ್ಚಾಗಿ ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನೇ ನಂಬಿದ್ದವು.

ಸಾಲ ತಂದ ಮೇಲೆ ತೀರಿಸಬೇಕು, ಪಂಪುಗಳ ವಿದ್ಯುತ್ ಬಿಲ್ಲನ್ನೂ ಕಟ್ಟಬೇಕು. ಆದರೆ 2014ರಲ್ಲಿ ನಿಗದಿಯಾದ ನೀರಿನ ದರ 2025ರ ಏಪ್ರಿಲ್‌ವರೆಗೆ ಏರಲಿಲ್ಲ. ದರ ಏರಿಸುವುದು ಯಾವ ಸರ್ಕಾರಕ್ಕೂ ಇಷ್ಟವಿಲ್ಲದ ಕೆಲಸ. ಬಡವರ ಹೆಸರು ಹೇಳಿ ಮುಂದೂಡುವುದು ರೂಢಿ. ಅದರಿಂದ ಬಡವರಿಗೆ ಒದಗಿದ್ದೇನು? ಗೃಹಬಳಕೆಯ ಮೊದಲ 8,000 ಲೀಟರಿನವರೆಗೆ ಜಲಮಂಡಳಿಯ ದರ ಸಾವಿರ ಲೀಟರಿಗೆ 7 ರೂಪಾಯಿ ಇತ್ತು. 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರವೆದ್ದಾಗ ಜಿಲ್ಲಾಡಳಿತ ಟ್ಯಾಂಕರುಗಳಿಗೆ ದರ ಕಟ್ಟಿತು: ಹತ್ತಿರದ ದೂರಕ್ಕೆ 6,000 ಲೀಟರಿಗೆ 600 ರೂಪಾಯಿ. ಎಂದರೆ ಸಾವಿರ ಲೀಟರಿಗೆ 100. ಕೊಳವೆ ಇದ್ದವರು 7 ರೂಪಾಯಿ ಕೊಟ್ಟ ನೀರಿಗೆ ಕೊಳವೆ ಇಲ್ಲದವರು, ಅದೂ ಸರ್ಕಾರ ಇಳಿಸಿದ ದರದಲ್ಲಿ, ಹದಿನಾಲ್ಕು ಪಟ್ಟು ತೆತ್ತರು. ಅಗ್ಗದ ನೀರಿನ ಲಾಭ ದಕ್ಕಿದ್ದು ಅದಾಗಲೇ ನಲ್ಲಿ ಇದ್ದವರಿಗೆ.

ಮೊದಲೇ ದುಡ್ಡು ಕೊಟ್ಟವರು

ಜನ ದುಡ್ಡು ಕೊಡುವುದಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಚೆನ್ನೈ ಪಕ್ಕದ ಆಲಂದೂರು ಪುರಸಭೆ 1990ರ ದಶಕದ ಕೊನೆಯಲ್ಲಿ ಒಳಚರಂಡಿ ಮಾಡಲು ಹೊರಟಿತು. ಯೋಜನೆಯ ವೆಚ್ಚ ಸುಮಾರು 34 ಕೋಟಿ ರೂಪಾಯಿ. ಒಂದು ಭಾಗವನ್ನು ತಮಿಳುನಾಡಿನ ನಗರಾಭಿವೃದ್ಧಿ ನಿಧಿಯಿಂದ ಸಾಲ ತಂದರು. ಇನ್ನೊಂದು ಭಾಗಕ್ಕೆ ಪ್ರತಿ ಮನೆಯಿಂದ 5,000 ರೂಪಾಯಿ ಠೇವಣಿ ಕೇಳಿದರು. ಪುರಸಭೆಯ ಅಧ್ಯಕ್ಷರು ನಿವಾಸಿಗಳ ಸಂಘಗಳೊಡನೆ ಕೂತು ಮಾತಾಡಿದರು. ಸೊಳ್ಳೆಯಿಂದಲೂ ಶೌಚಗುಂಡಿ ತುಂಬುವ ಕಾಟದಿಂದಲೂ ಬೇಸತ್ತಿದ್ದ ಜನ ಹಣ ಕಟ್ಟಿದರು. 2000ದಲ್ಲಿ ಕೆಲಸ ಶುರುವಾಗಿ, ಕೆಲವು ವರ್ಷಗಳಲ್ಲಿ ಮನೆಗಳಿಗೆ ಸಂಪರ್ಕ ಬಂತು.

ಬೆಂಗಳೂರಿನ ಅಂಚಿನಲ್ಲಿ ಇದೇ ಉಪಾಯ ಬೇರೆ ಫಲ ಕೊಟ್ಟಿತು. ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರ, ಬ್ಯಾಟರಾಯನಪುರ, ಯಲಹಂಕ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಕೆಂಗೇರಿ - ಈ ಎಂಟು ಪಟ್ಟಣಗಳಿಗೆ ನೀರಿನ ಜಾಲ ಹಾಕಲು 2003ರ ನಂತರ ಯೋಜನೆಯೊಂದು ರೂಪುಗೊಂಡಿತು. ಒಂಟಿಯಾಗಿ ಹೋದರೆ ಸಾಲ ಹುಟ್ಟದ ಪಟ್ಟಣಗಳೆಲ್ಲ ಸೇರಿ 2005ರಲ್ಲಿ ಒಂದೇ ನಿಧಿಯ ಹೆಸರಿನಲ್ಲಿ 100 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿದವು. ಅಮೆರಿಕದ ನೆರವು ಸಂಸ್ಥೆ ಅಸಲಿನ ಅರ್ಧಕ್ಕೆ ಜಾಮೀನು ನಿಂತಿತು. ತಮಿಳುನಾಡಿನ ಸಣ್ಣ ಪಟ್ಟಣಗಳು 2002ರಲ್ಲಿಯೇ ಸುಮಾರು 30 ಕೋಟಿ ರೂಪಾಯಿಯನ್ನು ಹೀಗೆ ಎತ್ತಿದ್ದವು. ಉಪಾಯ ಒಳ್ಳೆಯದೇ. ನಿವಾಸಿಗಳಿಂದಲೂ ನಿವೇಶನದ ಅಳತೆಗೆ ತಕ್ಕಂತೆ ವಂತಿಗೆ ವಸೂಲಾಯಿತು. ಕೊಳವೆಗಳೂ ಬಂದವು. ನೀರು ಬರಲಿಲ್ಲ. ಕೊಳವೆಗೆ ತುಂಬಬೇಕಾದ ನೀರು ನಾಲ್ಕನೇ ಹಂತದ ಎರಡನೇ ಘಟ್ಟದಿಂದ ಬರಬೇಕಿತ್ತು. ಅದು ಮುಗಿದದ್ದು 2012ರಲ್ಲಿ. ಅಷ್ಟರಲ್ಲಿ ಆ ಎಂಟು ಪಟ್ಟಣಗಳೇ ಮಹಾನಗರ ಪಾಲಿಕೆಯಲ್ಲಿ ವಿಲೀನವಾಗಿದ್ದವು. ದುಡ್ಡು ಕಟ್ಟಿದವರು ರಸೀದಿ ಹಿಡಿದು ಟ್ಯಾಂಕರಿಗೆ ಕಾದರು. ಆಲಂದೂರಿನಲ್ಲಿ ಕೇಳಿದವರು ಎದುರಿಗೇ ಇದ್ದರು. ಇಲ್ಲಿ ಲೆಕ್ಕ ಕೇಳಲು ಹೋದರೆ ಹಳೆಯ ಪುರಸಭೆಯೇ ಉಳಿದಿರಲಿಲ್ಲ.

ಬರೆದಿಡದ ಸಾಲ

ಈಗ ಆ ಮೂರನೆಯ ಪ್ರಶ್ನೆ. ಎಂಜಿನಿಯರುಗಳ ಲೆಕ್ಕದಂತೆ ಮನೆಗೆ ಬಂದ ನೀರಿನಲ್ಲಿ ಸುಮಾರು ಶೇಕಡ 80 ಕೊಳಚೆಯಾಗಿ ಹೊರಹೋಗುತ್ತದೆ. ಐದನೇ ಹಂತದ 77.5 ಕೋಟಿ ಲೀಟರ್ ಪೂರ್ತಿ ಮನೆ ಸೇರಿದರೆ ಅದರ ಹಿಂದೆಯೇ 62 ಕೋಟಿ ಲೀಟರ್ ಕೊಳಚೆ ಹೊರಡುತ್ತದೆ. ಜಪಾನಿನ ಸಾಲದಲ್ಲಿ ಒಳಚರಂಡಿಗೂ ಶುದ್ಧೀಕರಣ ಘಟಕಗಳಿಗೂ ಪಾಲಿದೆ, ನಿಜ. ಆದರೂ ಹಲವು ದಶಕಗಳ ಕಾಲ ನೀರು ಮುಂದೆ, ಚರಂಡಿ ಹಿಂದೆ ಎಂಬಂತೆ ನಗರ ಬೆಳೆಯಿತು. ಹೊಸ ನೀರು ಬರುವ ದಿನ ಹಾರ ತುರಾಯಿ ಇರುತ್ತದೆ. ಚರಂಡಿಗೆ ಹಾರ ಹಾಕುವವರಿಲ್ಲ.

ಹಾಗೆ ಉಳಿದ ಖರ್ಚು ಉಳಿತಾಯವಾಗಲಿಲ್ಲ. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದಿತು. 2015ರಲ್ಲಿ ಆ ನೊರೆಗೆ, 2017ರಲ್ಲಿ ಕೆರೆಯಂಗಳಕ್ಕೆ ಬೆಂಕಿ ಬಿತ್ತು. ಕಯಾಹೋಗಾ ಹೊತ್ತಿ ಉರಿದ ಸುಮಾರು ಅರ್ಧ ಶತಮಾನದ ಮೇಲೆ ಅಂಥದೇ ದೃಶ್ಯ. ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿ ಮೈಸೂರು ರಸ್ತೆಯ ಬದಿಗೆ ಕಪ್ಪಾಗಿ ಹರಿದು, ಬಿಡದಿಯ ಹತ್ತಿರ ಬೈರಮಂಗಲದ ಕೆರೆ ಸೇರಿ, ಅಲ್ಲಿಂದ ಅರ್ಕಾವತಿಗೆ ಇಳಿಯುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ನೂರು ಕಿಲೋಮೀಟರಿನಿಂದ ಸಾಲ ಮಾಡಿ ಏರಿಸಿ ತಂದ ನೀರಿನ ಒಂದು ಭಾಗ ಹೀಗೆ ಹೊಲಸಾಗಿ ಅದೇ ನದಿಗೆ ಮರಳುತ್ತದೆ.

ಬೈರಮಂಗಲದ ಕೆರೆಯ ಕೆಳಗಿನ ರೈತ ಆ ನೀರಿನಲ್ಲಿಯೇ ಬೆಳೆ ತೆಗೆಯಬೇಕು. ಕೆಸರಿಗಿಳಿದ ಕಾಲು ತುರಿಸುತ್ತದೆ. ಬಾವಿಯ ನೀರು ಕುಡಿಯಲು ಬಾರದು. ಅವನು ಯಾವ ಸಾಲಪತ್ರಕ್ಕೂ ಸಹಿ ಹಾಕಲಿಲ್ಲ. ನಗರದ ನಲ್ಲಿಯ ನೀರು ಅವನಿಗೆ ಬಂದದ್ದೂ ಇಲ್ಲ. ಆದರೆ ನಗರ ಮಾಡದೆ ಬಿಟ್ಟ ಚರಂಡಿಯ ಬಡ್ಡಿಯನ್ನು ದಿನವೂ ಕಟ್ಟುತ್ತಿರುವವನು ಅವನೇ. ಇದು ಯಾವ ಬಜೆಟ್ಟಿನಲ್ಲೂ ಕಾಣದ ಸಾಲ. ಹಣದ ಸಾಲಕ್ಕಾದರೆ ಅವಧಿಯುಂಟು, ಜಾಮೀನುಂಟು, ಲೆಕ್ಕಪರಿಶೋಧಕರುಂಟು. ಇದಕ್ಕೆ ಅವು ಯಾವುವೂ ಇಲ್ಲ.

ಮುಂದೊಂದು ದಿನ ಇನ್ನೊಂದು ಹಂತದ ನೀರಿನ ಸುದ್ದಿ ಬರುತ್ತದೆ. ಇಷ್ಟು ಕೋಟಿ ಸಾಲ, ಇಷ್ಟು ಕೋಟಿ ಲೀಟರ್ ಎಂದು ಪತ್ರಿಕೆಗಳು ಬರೆಯುತ್ತವೆ. ಆಗ ಓದುಗರು ಕೇಳಬೇಕಾದದ್ದು ಕೆಲವೇ ಮಾತು. ಈ ನೀರಿನ ಹಿಂದೆ ಹೊರಡುವ ಕೊಳಚೆಗೆ ಇದೇ ಸಾಲದಲ್ಲಿ ಜಾಗವಿದೆಯೇ? ಹಾಕಿದ ಕೊಳವೆಯನ್ನು ಕಾಪಾಡಲು ವರ್ಷ ವರ್ಷ ಹಣ ಬರುವ ದಾರಿಯಿದೆಯೇ? ಸರದಿಯಲ್ಲಿ ಕೊನೆಗೆ ನಿಂತವರು ಯಾರು, ಅವರು ಎಷ್ಟು ದಿನ ಕಾಯಬೇಕು? ಕೆರೆ ಕಟ್ಟಿಸಿ ಅದಕ್ಕೊಂದು ಬಿತ್ತುವಟ್ಟವನ್ನೂ ಬಿಟ್ಟು ಕಲ್ಲಿನ ಮೇಲೆ ಬರೆಸಿದ ನಾಡಿನ ಜನರಿಗೆ ಈ ಲೆಕ್ಕ ಕೇಳುವ ಹಕ್ಕು ಖಂಡಿತ ಇದೆ.