ಸಂಘದ ಮಾಲೀಕರು ಯಾರು?

(ಸಂಘದ ರಜತ ಮಹೋತ್ಸವದ ಸದಸ್ಯರ ಸಮಾವೇಶದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನನಗೆ ಕೊಟ್ಟಿರುವ ವಿಷಯ ‘ಸದಸ್ಯರ ವಾರ್ಷಿಕ ಸಭೆ ಮತ್ತು ಆಡಳಿತ ಮಂಡಳಿಯ ಚುನಾವಣೆ’. ನಾನು ಎಸ್.ಎಸ್.ಎಲ್.ಸಿ. ತನಕ ಓದಿದ ರೈತ. ದೊಡ್ಡ ದೊಡ್ಡ ಶಬ್ದ ನನಗೆ ಬರೋದಿಲ್ಲ. ಹಾಲಿನ ಸಂಘದ ಉದಾಹರಣೆಯನ್ನೇ ಕೊಟ್ಟರೆ ‘ಇಂವ ನಮ್ಮ ಮ್ಯಾಲೆ ಹೇಳ್ತಾನ’ ಅಂತ ಯಾರಿಗಾದರೂ ಅನಿಸಬಹುದು. ಅದಕ್ಕೆ ನಮ್ಮ ಹುಕ್ಕೇರಿ ತಾಲೂಕಿನ ಇನ್ನೊಂದು ಸಹಕಾರಿ ಸಂಘವನ್ನು ಮುಂದಿಟ್ಟುಕೊಂಡು ಮಾತಾಡುತ್ತೇನೆ. ಅದರ ತಂತಿ ನಮ್ಮೆಲ್ಲರ ಮನೆಗೂ ಹೊಲಕ್ಕೂ ಬಂದೈತಿ. ಅದೇ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ.

ನಮ್ಮ ನಾಡಿನಲ್ಲಿ ಸಹಕಾರದ ಇತಿಹಾಸ ದೊಡ್ಡದು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ್ದು ತಮಗೆಲ್ಲ ಗೊತ್ತು. ಸಾಲಕ್ಕೆ, ಹಾಲಿಗೆ, ಸಕ್ಕರೆಗೆ ಸಂಘಗಳಾದವು. ಆದರೆ ಕರೆಂಟು ಹಂಚುವ ಸಹಕಾರಿ ಸಂಘ ಎಷ್ಟು ತಾಲೂಕಿನಲ್ಲಿ ಐತಿ? ರಾಜ್ಯದ ಬೇರೆ ತಾಲೂಕಿನವರು ಸರಕಾರದ ಕಂಪನಿಯ ಗ್ರಾಹಕರು. ನಾವು ಮಾತ್ರ ನಮ್ಮದೇ ಸಂಘದಿಂದ ಕರೆಂಟು ತೆಗೆದುಕೊಳ್ಳುವವರು.

ಇದು ಹೇಗೆ ಬಂತು ಅನ್ನೋದು ನಮ್ಮ ಹುಡುಗರಿಗೆ ತಿಳಿದಿಲ್ಲ. ಕೇಂದ್ರ ಸರಕಾರದ ಗ್ರಾಮೀಣ ವಿದ್ಯುದೀಕರಣ ನಿಗಮ 1969ರಲ್ಲಿ ಸ್ಥಾಪನೆಯಾಯಿತು. ಹಳ್ಳಿಗೆ ದೀಪ ಕೊಡೋದಕ್ಕೆ ಸಹಕಾರದ ದಾರಿ ನಡೀತದೋ ಇಲ್ಲೋ ನೋಡೋಣ ಅಂತ ದೇಶದಲ್ಲಿ ಐದು ಕಡೆ ಪ್ರಯೋಗ ಮಾಡಿದರು. ಗುಜರಾತಿನ ಕೋಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಆಗಿನ ಆಂಧ್ರದ ಸಿರಸಿಲ್ಲಾ, ಉತ್ತರ ಪ್ರದೇಶದ ಲಖನೌ, ಮತ್ತು ಆಗಿನ ಮೈಸೂರು ರಾಜ್ಯದ ನಮ್ಮ ಹುಕ್ಕೇರಿ. ನಮ್ಮ ವಿದ್ಯುತ್ ಸಂಘ 1969ರಲ್ಲೇ ಸ್ಥಾಪನೆಯಾಯಿತು. ಕಂದೀಲು ಹಿಡಿದು ಮೊಟ್ಟೆ ಹೊಡೆದ ನಮ್ಮ ಅಜ್ಜಂದಿರ ಕಾಲಕ್ಕೆ ಅದೆಂಥ ಸಂಗತಿ ಅಂತ ಲೆಕ್ಕ ಹಾಕಿರಿ.

ಈ ಪದ್ಧತಿಯ ಮೂಲ ಅಮೆರಿಕ. ಅಲ್ಲಿ 1930ರ ದಶಕದಲ್ಲಿ ನೂರು ಒಕ್ಕಲು ಮನೆಗಳಲ್ಲಿ ಹತ್ತಕ್ಕೆ ಮಾತ್ರ ಕರೆಂಟು ಇತ್ತು. ಪಟ್ಟಣದ ಖಾಸಗಿ ಕಂಪನಿಗಳು ‘ಹಳ್ಳಿಗೆ ಕಂಬ ಹಾಕಿದರೆ ನಮಗೇನು ಲಾಭ?’ ಅಂದವು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಗ್ರಾಮೀಣ ವಿದ್ಯುದೀಕರಣಕ್ಕೆಂದೇ ಒಂದು ಇಲಾಖೆ ಮಾಡಿದರು. 1936ರಲ್ಲಿ ಕಾಯ್ದೆ ಬಂತು. ರೈತರು ಐದೈದು ಡಾಲರ್ ಸದಸ್ಯತ್ವ ಶುಲ್ಕ ಹಾಕಿ, ಸರಕಾರದ ಸಾಲ ಪಡೆದು, ತಮ್ಮ ಸಂಘ ತಾವೇ ಕಟ್ಟಿ ತಂತಿ ಎಳೆದುಕೊಂಡರು. ನಮ್ಮ ದೇಶದ ಐದು ಸಂಘಗಳಿಗೂ ಅಲ್ಲಿಯ ವಿದ್ಯುತ್ ಸಹಕಾರಿಗಳ ಸಲಹೆ ಸಹಾಯ ಇತ್ತು. ಅಂದ ಮೇಲೆ ಅಲ್ಲಿಯ ಸಂಗತಿಗೂ ನಮಗೂ ಸಂಬಂಧ ಐತಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸಹಕಾರಿ ಸಂಘದ ಮಾಲೀಕರು ಯಾರು? ಅಧ್ಯಕ್ಷರಲ್ಲ. ನಾವು ನಿರ್ದೇಶಕರೂ ಅಲ್ಲ. ಕಾರ್ಯದರ್ಶಿಯಂತೂ ಅಲ್ಲವೇ ಅಲ್ಲ. ಪಾಲು ಹಾಕಿದ ಸದಸ್ಯನೇ ಮಾಲೀಕ. ಹತ್ತು ಪಾಲು ಇದ್ದವನಿಗೂ ಒಂದೇ ಮತ, ಒಂದು ಪಾಲು ಇದ್ದವಳಿಗೂ ಒಂದೇ ಮತ. ನೂರು ಎಕರೆ ಕಬ್ಬು ಇದ್ದವನೂ ಎರಡು ಎಮ್ಮೆ ಕಟ್ಟಿದವಳೂ ಇಲ್ಲಿ ಸಮ. ಕಂಪನಿಗೂ ಸಂಘಕ್ಕೂ ಇರುವ ವ್ಯತ್ಯಾಸ ಇಷ್ಟೇ. ಆದರೆ ಈ ಮಾಲೀಕ ತನ್ನ ಮನೆಗೆ ಎಷ್ಟು ಸಲ ಬರ್ತಾನ? ಐದು ವರ್ಷಕ್ಕೊಮ್ಮೆ, ಚುನಾವಣೆ ಬಂದಾಗ.

2025ರ ಸೆಪ್ಟೆಂಬರಿನಲ್ಲಿ ಹುಕ್ಕೇರಿ ವಿದ್ಯುತ್ ಸಂಘದ ಚುನಾವಣೆ ಆಯಿತು. ತಾಲೂಕಿನ ತುಂಬ ಅದರದೇ ಮಾತು. ಯಾರು ಗೆದ್ದರು, ಯಾರು ಸೋತರು ಅನ್ನೋ ಮಾತು ಈ ವೇದಿಕೆಗೆ ಬೇಡ. ನಾನು ಹೇಳೋದು ಬೇರೆ. ಆ ಚುನಾವಣೆಯ ಬಗ್ಗೆ ಚಹಾದಂಗಡಿಯಲ್ಲಿ ಮಾತಾಡಿದ ನಮ್ಮಲ್ಲಿ ಎಷ್ಟು ಮಂದಿ ಆ ಸಂಘದ ವಾರ್ಷಿಕ ವರದಿಯನ್ನು ಒಂದು ಸಲವಾದರೂ ಬಿಚ್ಚಿ ನೋಡಿದ್ದೇವೆ? ಚುನಾವಣೆ ಅಂದರೆ ಬಿತ್ತನೆ ಇದ್ದಂಗ. ವಾರ್ಷಿಕ ಸಭೆ ಅಂದರೆ ಕಳೆ ತೆಗೆಯೋದು. ಬಿತ್ತಿ ಬಂದು ಐದು ವರ್ಷ ಹೊಲದ ಕಡೆ ಹೋಗದಿದ್ದರೆ ಬೆಳೆ ಏನಾದೀತು?

ವಿದ್ಯುತ್ ಸಂಘದ ಸಭೆಯಲ್ಲಿ ಕೇಳೋದಾದರೂ ಏನು ಅಂತ ಕೆಲವರು ಅನ್ನಬಹುದು. ಆ ಸಂಘ ಕರೆಂಟು ತಯಾರು ಮಾಡೋದಿಲ್ಲ. ಹೆಸ್ಕಾಂನಿಂದ ಸಗಟು ಖರೀದಿ ಮಾಡಿ ನಮಗೆ ಹಂಚುತ್ತದೆ. ದರ ಗೊತ್ತು ಮಾಡೋದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಹಂಗಾದರೆ ‘ದರ ಕಡಿಮೆ ಮಾಡ್ರಿ’ ಅಂತ ಸಭೆಯಲ್ಲಿ ಕೂಗಿದರೆ ಉಪಯೋಗವಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ.

ಮೊದಲನೆಯದು ಸೋರಿಕೆ. ಉದಾಹರಣೆಗೆ ನೂರು ಯೂನಿಟ್ ಖರೀದಿ ಮಾಡಿ ಎಂಬತ್ತೈದು ಯೂನಿಟ್‌ಗೆ ಮಾತ್ರ ಲೆಕ್ಕ ಸಿಕ್ಕರೆ ಉಳಿದ ಹದಿನೈದು ಎಲ್ಲಿ ಹೋಯಿತು? ಹಳೆಯ ತಂತಿಯಲ್ಲಿ ಎಷ್ಟು ಹೋಯಿತು, ಕದ್ದ ಕೊಂಡಿಯಲ್ಲಿ ಎಷ್ಟು ಹೋಯಿತು? ನಮ್ಮ ಹಾಲಿನ ಸಂಘದಲ್ಲಿ ಇಲ್ಲಿ ಅಳೆದ ಲೀಟರ್ ಎಷ್ಟು, ಡೇರಿಗೆ ಮುಟ್ಟಿದ ಲೀಟರ್ ಎಷ್ಟು ಅಂತ ನೀವು ಕೇಳುತ್ತೀರಲ್ಲ, ಇದೂ ಅದೇ ಪ್ರಶ್ನೆ.

ಎರಡನೆಯದು ಬಾಕಿ. ಸಂಘ ಕೊಡಬೇಕಾದ್ದು ಎಷ್ಟು, ಸಂಘಕ್ಕೆ ಬರಬೇಕಾದ್ದು ಎಷ್ಟು? 10 ಅಶ್ವಶಕ್ತಿಯ ತನಕದ ಪಂಪ್‌ಸೆಟ್ಟಿಗೆ 2008ರಿಂದ ರಾಜ್ಯದಲ್ಲಿ ಉಚಿತ ವಿದ್ಯುತ್ ಐತಿ. ಉಚಿತ ಅಂದರೆ ಯಾರೂ ಹಣ ಕೊಡೋದಿಲ್ಲ ಅಂತ ಅಲ್ಲ. ರೈತನ ಬದಲು ಸರಕಾರ ಕೊಡಬೇಕು. ಅದು ಎಷ್ಟು ಬಂತು, ಎಷ್ಟು ಬರಬೇಕು ಅನ್ನೋದು ವರದಿಯಲ್ಲಿ ನೋಡಬೇಕಾದ ಅಂಕಿ. ಬಿಲ್ಲು ಕಟ್ಟುವವನಿಗೆ ಕೇಳುವ ಚಾಳಿ ಇರತೈತಿ. ಪಂಪ್‌ಸೆಟ್ಟಿನ ಬಿಲ್ಲು ನಿಂತ ಮೇಲೆ ನಮ್ಮ ಬಾಯಿಯೂ ನಿಂತುಹೋಯಿತು.

ಮೂರನೆಯದು ದಿನದ ಕೆಲಸ. ಟಿಸಿ ಸುಟ್ಟರೆ ಎಷ್ಟು ದಿನಕ್ಕೆ ಬದಲಿ ಬರಬೇಕು, ಒಬ್ಬ ಲೈನ್‌ಮನ್ನಿಗೆ ಎಷ್ಟು ಹಳ್ಳಿ, ಸಾಮಾನು ಖರೀದಿ ಹೇಗೆ, ನೇಮಕಾತಿ ಹೇಗೆ. ಇವೆಲ್ಲ ಆಡಳಿತ ಮಂಡಳಿಯ ಕೈಯಲ್ಲಿರುವ ಕೆಲಸ. ಇವನ್ನು ಕೇಳುವ ಜಾಗ ವಾರ್ಷಿಕ ಮಹಾಸಭೆ.

ಕೇಳದಿದ್ದರೆ ಏನಾಗುತ್ತದೆ ಅಂತೀರಾ? ನಮ್ಮ ಜೊತೆಗೆ ಹುಟ್ಟಿದ ಮುಳಾ-ಪ್ರವರಾ ಸಂಘವನ್ನು ನೋಡಿರಿ. ಆಗಿನ ಅಹಮದನಗರ ಜಿಲ್ಲೆಯ ಕಬ್ಬಿನ ಸೀಮೆ, ನಮ್ಮಂಥದೇ ಮಂದಿ. ವಿದ್ಯುತ್ ಖರೀದಿಯ ಬಾಕಿ ವರ್ಷದಿಂದ ವರ್ಷಕ್ಕೆ ಬೆಟ್ಟದಷ್ಟು ಬೆಳೆಯಿತು. 2011ರಲ್ಲಿ ಅಲ್ಲಿಯ ವಿತರಣೆಯ ಕೆಲಸ ಮಹಾರಾಷ್ಟ್ರದ ಸರಕಾರಿ ವಿತರಣಾ ಕಂಪನಿಗೆ ಹೋಯಿತು. ಅದಕ್ಕೆ ಕಾರಣ ಹಲವು ಇರಬಹುದು, ದರದ ತಕರಾರೂ ಇತ್ತು. ನಾನು ಯಾರನ್ನೂ ದೂರುವುದಿಲ್ಲ. ಆದರೆ ನಿನ್ನೆ ತನಕ ಮಾಲೀಕನಾಗಿದ್ದ ಸದಸ್ಯ ಮರುದಿನ ಬರೀ ಗ್ರಾಹಕನಾದ. ಬಾಕಿ ಅನ್ನೋದು ಒಂದೇ ರಾತ್ರಿ ಬೆಳೆಯೋದಿಲ್ಲ ಬಂಧುಗಳೇ. ಪ್ರತಿ ವರ್ಷದ ವರದಿಯಲ್ಲಿ ಒಂದು ಸಾಲಾಗಿ ಕೂತಿರತೈತಿ. ಓದುವವರು ಬೇಕು.

ಅಮೆರಿಕದವರು ಮುಂದುವರಿದವರು, ಅಲ್ಲಿ ಹೀಗಿರಲಿಕ್ಕಿಲ್ಲ ಅಂತ ತಿಳಿಯಬೇಡಿ. ಅಲ್ಲಿ ಈಗಲೂ ಸುಮಾರು 900 ವಿದ್ಯುತ್ ಸಹಕಾರಿಗಳಿವೆ. ವಾರ್ಷಿಕ ಸಭೆಗೆ ಊಟ ಹಾಕುತ್ತಾರೆ, ಚೀಟಿ ಎತ್ತಿ ಬಹುಮಾನ ಕೊಡುತ್ತಾರೆ, ಬಂದವರಿಗೆ ಬಕೆಟ್ಟು ಬಲ್ಬು ಹಂಚುವುದೂ ಉಂಟು. ನಾವು ಉಪ್ಪಿಟ್ಟು ಶಿರಾ ಮಾಡಿಸಿ ಸ್ಟೀಲ್ ಡಬ್ಬಿ ಕೊಟ್ಟ ಹಾಗೇ! ಆದರೂ 2016ರಲ್ಲಿ ಅಲ್ಲಿಯ ಒಂದು ಸಂಸ್ಥೆ ಲೆಕ್ಕ ತೆಗೆದಾಗ, ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಂಘಗಳಲ್ಲಿ ಮತ ಹಾಕಿದ ಸದಸ್ಯರು ನೂರಕ್ಕೆ ಹತ್ತಕ್ಕಿಂತ ಕಡಿಮೆ.

ಟೆಕ್ಸಸ್ ರಾಜ್ಯದಲ್ಲಿ ಪೆಡರ್ನಾಲಿಸ್ ಎಂಬ ದೊಡ್ಡ ವಿದ್ಯುತ್ ಸಹಕಾರಿ ಐತಿ. 1938ರಲ್ಲಿ ಕಟ್ಟಿದ್ದು. ಮುಂದೆ ದೇಶದ ಅಧ್ಯಕ್ಷರಾದ ಲಿಂಡನ್ ಜಾನ್ಸನ್ನರು ಅದು ಆಗಲೆಂದು ದುಡಿದವರು. ಅಂಥ ಸಂಘದಲ್ಲಿ ಕೂಡ ಕಾಲ ಕಳೆದಂತೆ ಆಡಳಿತ ಮಂಡಳಿಯೇ ಮುಂದಿನ ಮಂಡಳಿಯನ್ನು ಆರಿಸುವ ಹಾಗೆ ಆಯಿತು. ಸ್ಪರ್ಧೆ ಅನ್ನೋದೇ ಇಲ್ಲ. ಸದಸ್ಯರು ಸುಮ್ಮನಿದ್ದರು. ಕೊನೆಗೆ 2007ರಲ್ಲಿ ಸದಸ್ಯರೇ ಕೋರ್ಟಿಗೆ ಹೋದರು. 2008ರಲ್ಲಿ ಮುಕ್ತ ಚುನಾವಣೆ ನಡೆಯಿತು. ಸಂಘ ಅವರ ಕೈಗೆ ತಿರುಗಿ ಬಂತು. ಆದರೆ ಎಷ್ಟು ಕಷ್ಟ ನೋಡ್ರಿ! ವರ್ಷಕ್ಕೊಂದು ಮುಂಜಾನೆ ಸಭೆಗೆ ಬಂದು ಕೇಳಿದ್ದರೆ ಆಗುವ ಕೆಲಸಕ್ಕೆ ಕೋರ್ಟು ಕಚೇರಿ ಬೇಕಾಯಿತು.

ಈಗ ನಮ್ಮ ಸಂಘದ ಮಾತು. ಬರುವ ವರ್ಷ ನಮ್ಮ ಆಡಳಿತ ಮಂಡಳಿಯ ಅವಧಿ ಮುಗಿಯುತ್ತದೆ. ಈಗಲೇ ಗುಡಿಕಟ್ಟೆಯ ಮೇಲೆ ‘ಈ ಸಲ ಅವಿರೋಧ ಮಾಡೋಣ’ ಅಂತ ಮಾತು ಎದ್ದಿದೆ. ಅವಿರೋಧ ಆಯ್ಕೆ ಅಂದರೆ ಕೆಟ್ಟದ್ದಲ್ಲ. ಚುನಾವಣೆಯ ಖರ್ಚು ಸಂಘದ ತಲೆಯ ಮೇಲೆ ಬರುತ್ತದೆ, ಅದು ಉಳಿಯುತ್ತದೆ. ಅಣ್ಣ ತಮ್ಮಂದಿರ ನಡುವೆ ಮುನಿಸು ತಪ್ಪುತ್ತದೆ. ಆದರೆ ಒಂದು ಮಾತು. ಎಲ್ಲ ಸದಸ್ಯರು ಕೂತು, ಲೆಕ್ಕ ಕೇಳಿ, ಇಂಥವರು ಇರಲಿ ಅಂತ ಒಪ್ಪಿದರೆ ಅದು ಅವಿರೋಧ. ನಾಲ್ಕು ಮಂದಿ ರಾತ್ರಿ ಕೂತು ಹೆಸರು ಬರೆದು, ಉಳಿದವರಿಗೆ ‘ಅರ್ಜಿ ಹಾಕಬ್ಯಾಡ’ ಅಂದರೆ ಅದು ಅವಿರೋಧ ಅಲ್ಲ, ಅದು ಬಾಯಿ ಮುಚ್ಚಿಸೋದು. ನಾನೂ ಈಗಿನ ಮಂಡಳಿಯವನೇ. ಈ ಮಾತು ನನ್ನ ಜಾಗಕ್ಕೂ ಲಾಗೂ ಆಗುತ್ತದೆ. ಲೆಕ್ಕ ಕೇಳಿದ ಮೇಲೆ ನೀವು ನನ್ನನ್ನು ಬೇಡ ಅಂದರೆ ಸಂತೋಷದಿಂದ ಇಳಿಯುತ್ತೇನೆ. ಕೇಳದೇ ಇಟ್ಟುಕೊಂಡರೆ ಅದು ನನಗೆ ಗೌರವ ಅಲ್ಲ.

ಇನ್ನೊಂದು ಸಂಗತಿ. ಮನೆಯ ಮೀಟರು ಅಜ್ಜನ ಹೆಸರಿನಲ್ಲಿ, ಪಾಲು ತೀರಿಹೋದ ಅಪ್ಪನ ಹೆಸರಿನಲ್ಲಿ ಇರುವ ಮನೆಗಳು ನಮ್ಮಲ್ಲಿ ಬಹಳ. ಬಿಲ್ಲು ಕಟ್ಟೋದು ಮಗ, ಹಾಲು ಹಾಕೋದು ಸೊಸೆ, ಮತದಾರರ ಪಟ್ಟಿಯಲ್ಲಿ ಮಾತ್ರ ಸತ್ತವರು. ಕರೆಂಟು ಪಡೆದವರೆಲ್ಲ, ಹಾಲು ಹಾಕಿದವರೆಲ್ಲ ಮತದಾರರಲ್ಲ. ಪಾಲು ಹಾಕಿ ಸದಸ್ಯರಾದವರಿಗೆ ಮಾತ್ರ ಮತ. ಅದೂ ಸ್ವತಃ ಬಂದು ಹಾಕಬೇಕು, ಒಬ್ಬರ ಪರವಾಗಿ ಇನ್ನೊಬ್ಬರು ಹಾಕಲಿಕ್ಕೆ ಬರೋದಿಲ್ಲ. ಆದ್ದರಿಂದ ವಾರಸುದಾರರು ಅರ್ಜಿ ಕೊಟ್ಟು ಪಾಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಿರಿ. ಎಮ್ಮೆಯ ಸೆಗಣಿ ಬಳಿದು, ಹಾಲು ಹಿಂಡಿ, ಡೇರಿಗೆ ತರುವವಳು ಅಕ್ಕ. ಸದಸ್ಯ ಮಾತ್ರ ಮಾವ. ಇದು ಸರಿಯೇ? ತಾಯಂದಿರು ತಮ್ಮ ಹೆಸರಿನಲ್ಲಿ ಸದಸ್ಯರಾಗಬೇಕು. ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಜಾಗ ಇವೆ. ಆ ಜಾಗದಲ್ಲಿ ಕೂತವರು ಸಹಿಗೆ ಮಾತ್ರ ಅಲ್ಲ, ಮಾತಿಗೂ ಬರಬೇಕು.

ಹಾಗೆಯೇ, ಸಭೆಗೆ ಬಾರದ, ಸಂಘದೊಂದಿಗೆ ವ್ಯವಹಾರ ಮಾಡದ ಸದಸ್ಯನ ಮತದ ಹಕ್ಕಿಗೇ ಕುತ್ತು ಬರುವಂಥ ನಿಯಮಗಳು ಸಹಕಾರ ಕಾಯ್ದೆಯಲ್ಲಿ ಬಂದಿವೆ. ಪಟ್ಟಿಯಲ್ಲಿ ಹೆಸರಿಲ್ಲ ಅಂತ ಚುನಾವಣೆಯ ದಿನ ಜಗಳ ಮಾಡಿದರೆ ಫಲವಿಲ್ಲ. ಈಗಲೇ ಕಾರ್ಯದರ್ಶಿಗಳ ಹತ್ತಿರ ಕೇಳಿ ತಿಳಿದುಕೊಳ್ಳಿರಿ. ಸಭೆಗೆ ಬಂದಾಗ ಹಾಜರಿ ಪುಸ್ತಕದಲ್ಲಿ ಸಹಿ ಮಾಡೋದು ಮರೆಯಬೇಡಿರಿ.

ವಾರ್ಷಿಕ ಮಹಾಸಭೆ ಆರ್ಥಿಕ ವರ್ಷ ಮುಗಿದು ಆರು ತಿಂಗಳೊಳಗೆ, ಅಂದರೆ ಸೆಪ್ಟೆಂಬರಿನೊಳಗೆ ನಡೆಯಬೇಕು. ನೋಟೀಸು ಬಂದಾಗ ಅದನ್ನು ಕ್ಯಾಲೆಂಡರಿನ ಮೊಳೆಗೆ ಚುಚ್ಚಿ ಬಿಡಬೇಡಿರಿ. ನಿಮ್ಮ ಮನೆಯಲ್ಲಿ ಹೈಸ್ಕೂಲು ಓದುವ ಮಗ ಮಗಳು ಇದ್ದರೆ ಅವರ ಕಡೆಯಿಂದ ವರದಿ ಓದಿಸಿರಿ. ನಾಲ್ಕು ಸಂಗತಿ ನೋಡಿದರೆ ಸಾಕು. ಹೋದ ವರ್ಷದ ಲಾಭ ಎಷ್ಟು, ಈ ವರ್ಷ ಎಷ್ಟು? ನಿವ್ವಳ ಲಾಭದಲ್ಲಿ ಕಾಯ್ದೆಯ ಪ್ರಕಾರ ನೂರಕ್ಕೆ 25 ರೂಪಾಯಿ ಕಾಯ್ದಿಟ್ಟ ನಿಧಿಗೆ ಹೋಯಿತೇ? ಬರಬೇಕಾದ ಬಾಕಿ ಬೆಳೆಯಿತೋ ಇಳಿಯಿತೋ? ಲೆಕ್ಕ ತಪಾಸಣೆ ಮಾಡಿದವರು ಏನು ಆಕ್ಷೇಪ ಬರೆದರು, ಅದಕ್ಕೆ ನಾವು ಏನು ಉತ್ತರ ಕೊಟ್ಟೆವು? ಈ ನಾಲ್ಕು ಪ್ರಶ್ನೆ ಹಾಲಿನ ಸಂಘಕ್ಕೂ ಸರಿ, ವಿದ್ಯುತ್ ಸಂಘಕ್ಕೂ ಸರಿ, ಸಕ್ಕರೆ ಕಾರ್ಖಾನೆಗೂ ಸರಿ.

ಪ್ರಶ್ನೆ ಕೇಳಿದವನನ್ನು ‘ಇಂವ ಆ ಕಡೆಯವ’ ಅಂತ ನೋಡುವ ಚಾಳಿ ನಾವು ನಿರ್ದೇಶಕರು ಬಿಡಬೇಕು. ಪ್ರಶ್ನೆ ಕೇಳುವವರು ಕೂಡ ಒಬ್ಬರ ಮೇಲಿನ ಸಿಟ್ಟಿಗೆ ಕೇಳದೆ ಸಂಘದ ಮೇಲಿನ ಪ್ರೀತಿಗೆ ಕೇಳಬೇಕು. ‘ಒಪ್ಪಿಗೆ, ಒಪ್ಪಿಗೆ’ ಅಂತ ಕೈ ಎತ್ತಿ ಹತ್ತು ನಿಮಿಷದಲ್ಲಿ ಸಭೆ ಮುಗಿಸಿ ಉಪ್ಪಿಟ್ಟಿನ ಕಡೆ ನಡೆಯೋದು ಬೇಡ. ಒಂದು ತಾಸು ಕೂಡೋಣ. ಉಪ್ಪಿಟ್ಟು ಆರಿದರೆ ಮತ್ತೆ ಬಿಸಿ ಮಾಡಬಹುದು.

ನಮ್ಮ ಹಿರಿಯರು ಮನೆ ಮನೆ ತಿರುಗಿ ಪಾಲು ಕೂಡಿಸಿ ಈ ಸಂಘ ಕಟ್ಟಿದರು. ಇಪ್ಪತ್ತೈದು ವರ್ಷ ಆಯಿತು. ಐವತ್ತನೆಯ ವರ್ಷದ ಹಬ್ಬಕ್ಕೆ ನಮ್ಮಲ್ಲಿ ಕೆಲವರು ಇರುತ್ತೇವೆ, ಕೆಲವರು ಇರಲಿಕ್ಕಿಲ್ಲ. ಅವತ್ತು ನಮ್ಮ ಮಕ್ಕಳು ಈ ಸಂಘದ ಗ್ರಾಹಕರಾಗಿ ಅಲ್ಲ, ಮಾಲೀಕರಾಗಿ ಇಲ್ಲಿ ಕೂಡಬೇಕು. ಅದಕ್ಕೆ ಈ ಬರುವ ಮಹಾಸಭೆಗೆ ತಾವೆಲ್ಲ ತಪ್ಪದೆ ಬರಬೇಕೆಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಜೈ ಸಹಕಾರ! ಜೈ ಕರ್ನಾಟಕ!